ಹಜಾರದೊಳಗಿನ ಹೊಳೆ

ಮೂರು ವರ್ಷಗಳ ಹಿಂದೆ ನಮ್ಮ ಭಾವನ ಹೊಸ ಮನೆಯ ಗೃಹಪ್ರವೇಶಕ್ಕೆ ಹೋದವರೆಲ್ಲ ಮೊದಲು ನೋಡಿದ್ದು ದೇವರ ಕೋಣೆಯನ್ನಲ್ಲ, ಹಜಾರದ ಗೋಡೆಯುದ್ದಕ್ಕೂ ನಿಂತಿದ್ದ ಗಾಜಿನ ತೊಟ್ಟಿಯನ್ನು. ಅಡಿಕೆಗೆ ಒಳ್ಳೆಯ ಧಾರಣೆ ಬಂದಿದ್ದ ಕಾಲವದು. ಎಂಟು ಅಡಿ ಉದ್ದ, ಎರಡೂವರೆ ಅಡಿ ಅಗಲ, ಎರಡೂವರೆ ಅಡಿ ಎತ್ತರದ ಆ ತೊಟ್ಟಿಯ ಮರಳಿನ ಮೇಲೆ ಊಟದ ತಟ್ಟೆಯಷ್ಟಗಲದ ಎರಡು ಚಪ್ಪಟೆ ಮೀನುಗಳು ಮಲಗಿದ್ದವು. ಕಪ್ಪು ಮೈ, ಅದರ ಮೇಲೆ ಹಾಲಿನ ಹನಿ ಚೆಲ್ಲಿದಂತೆ ದುಂಡನೆಯ ಬಿಳಿ ಚುಕ್ಕೆಗಳು. ಕರಾವಳಿಯವರು ತೊರಕೆ ಎಂದು ಕರೆಯುವ ಮೀನಿನ ಜಾತಿಯವು. ಆದರೆ ಸಮುದ್ರದವಲ್ಲ, ಸಿಹಿನೀರಿನವು. ಜೊತೆಗೆ ಗೇಣುದ್ದದ, ಕೆಂಪು ಬಾಲದ, ಮೀಸೆ ಮೀನೊಂದು. ಮಕ್ಕಳು ಗಾಜಿಗೆ ಮೂಗೊತ್ತಿ ನಿಂತಿದ್ದರು. ನಾನೂ ನಿಂತಿದ್ದೆ. ಸುಂದರವಾಗಿತ್ತೆಂಬುದನ್ನು ಈಗ ಮರೆಮಾಚಿ ಪ್ರಯೋಜನವಿಲ್ಲ.

ಈ ಪುಷ್ಯದಲ್ಲಿ ಪುನಃ ಹೋದಾಗ ತೊರಕೆಗಳಿರಲಿಲ್ಲ. ಕೆಂಪು ಬಾಲದ ಮೀನು ಮಾತ್ರ ಎರಡಡಿ ದಾಟಿ ಬೆಳೆದು, ತೊಟ್ಟಿಯ ಒಂದು ತುದಿಯಿಂದ ಮತ್ತೊಂದಕ್ಕೆ ಹೋಗಿ, ಮೈ ಬಾಗಿಸಿ ಕಷ್ಟದಿಂದ ತಿರುಗಿ ಬರುತ್ತಿತ್ತು. ಭಾವ ಕಾಫಿ ಕೊಡುತ್ತ ಕೇಳಿದರು: "ಇದನ್ನು ದೇವರ ಗುಂಡಿಗೆ ಬಿಟ್ಟರೆ ಹೇಗೆ ಮಾರಾಯ? ಅಲ್ಲಿ ಮೀನು ಹಿಡಿಯುವವರಿಲ್ಲ. ಪುಣ್ಯವೂ ಬಂತು, ಜೀವವೂ ಉಳಿಯಿತು."

ಈ ಲೇಖನ ಬರೆಯಲು ಆ ಪ್ರಶ್ನೆಯೇ ಕಾರಣ. ಕೇಳಿದವರು ಕೆಟ್ಟವರಲ್ಲ. ಜೀವದ ಮೇಲೆ ಕನಿಕರ ಇರುವುದರಿಂದಲೇ ಅವರು ಹಾಗೆ ಕೇಳಿದ್ದು.

ಮೊದಲು ತೊಟ್ಟಿಯ ಲೆಕ್ಕ ನೋಡೋಣ. ಐವತ್ತು ಘನ ಅಡಿ ಎಂದರೆ ಸುಮಾರು 1,400 ಲೀಟರ್ ನೀರು. ನೀರಿನ ತೂಕವೇ ಒಂದೂವರೆ ಟನ್ನಿಗೆ ಹತ್ತಿರ. ಮಾಂಸಾಹಾರಿ ದೊಡ್ಡ ಮೀನುಗಳ ವಿಸರ್ಜನೆಯಿಂದ ನೀರಿನಲ್ಲಿ ಅಮೋನಿಯಾ ಸೇರುತ್ತದೆ. ಶೋಧಕದಲ್ಲಿ ನೆಲೆಸಿದ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಆಗಿಯೂ ಅನಂತರ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಕೊನೆಗೆ ಉಳಿದ ನೈಟ್ರೇಟನ್ನು ಹೊರಹಾಕಲು ನೀರನ್ನೇ ಬದಲಿಸಬೇಕು. ವಾರಕ್ಕೆ ಮೂರನೆಯ ಒಂದು ಪಾಲು ಬದಲಿಸಿದರೂ 450 ಲೀಟರಿಗಿಂತ ಹೆಚ್ಚು. ಹದಿನೈದು ಲೀಟರಿನ ಕೊಡದಲ್ಲಿ ಮೂವತ್ತು ಕೊಡ. ಏಪ್ರಿಲ್ ತಿಂಗಳಲ್ಲಿ ಬಾವಿ ತಳ ಕಂಡು, ಪಂಚಾಯತಿಯ ಟ್ಯಾಂಕರಿಗೆ ಕಾಯುವ ನಮ್ಮ ಕೇರಿಗಳಲ್ಲಿ ಮೂವತ್ತು ಕೊಡ ನೀರಿನ ಬೆಲೆಯೇನೆಂದು ಹೆಣ್ಣುಮಕ್ಕಳನ್ನು ಕೇಳಬೇಕು.

ಇನ್ನು ವಿದ್ಯುತ್ತು. ಅಮೆಜಾನ್ ಸೀಮೆಯ ಈ ಮೀನುಗಳಿಗೆ 26ರಿಂದ 30 ಡಿಗ್ರಿಯ ಬೆಚ್ಚನೆಯ ನೀರು ಬೇಕು. ನಮ್ಮ ಚಳಿಗಾಲಕ್ಕೆ ಹೀಟರ್ ಇಡಲೇಬೇಕು. ಇಟ್ಟರೆ ತೊರಕೆ ಅದರ ಮೇಲೆಯೇ ಮಲಗಿ ಹೊಟ್ಟೆ ಸುಟ್ಟುಕೊಳ್ಳುವುದುಂಟು. ಆದ್ದರಿಂದ ಸುತ್ತಲೂ ಕವಚ ಕಟ್ಟಬೇಕು. ಆಷಾಢದ ಗಾಳಿಮಳೆಗೆ ತಂತಿಯ ಮೇಲೆ ಮರ ಬಿದ್ದರೆ ಮೂರು ದಿನ, ಕೆಲವೊಮ್ಮೆ ವಾರ, ಕರೆಂಟಿಲ್ಲದೆ ಇರುವುದು ನಮಗೆ ರೂಢಿ. ಮೀನಿಗೆ ಆ ರೂಢಿಯಿಲ್ಲ. ಪಂಪು ನಿಂತರೆ ನೀರಿನಲ್ಲಿ ಆಮ್ಲಜನಕ ಕುಸಿಯುತ್ತದೆ, ಶೋಧಕದ ಬ್ಯಾಕ್ಟೀರಿಯಾ ಸಾಯುತ್ತದೆ, ಅಮೋನಿಯಾ ಏರುತ್ತದೆ. ಭಾವನ ಮನೆಯ ಇನ್ವರ್ಟರ್ ಒಂದು ರಾತ್ರಿ ಎಳೆಯಿತು. ತೊರಕೆಗಳು ಎರಡನೆಯ ಮಧ್ಯಾಹ್ನದ ಹೊತ್ತಿಗೆ ಅಂಚು ಮಡಚಿಕೊಂಡು ಸತ್ತವು. ಅವುಗಳನ್ನು ಅಡಿಕೆ ಮರದ ಬುಡಕ್ಕೆ ಹೂಳಿದ್ದಾಗಿ ಅಕ್ಕ ಹೇಳಿದಳು. ಕೊಟ್ಟ ಹಣವೆಷ್ಟೆಂದು ಇಬ್ಬರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಆ ಕಪ್ಪು ತೊರಕೆಯ ತವರು ಬ್ರೆಜಿಲಿನ ಷಿಂಗು ನದಿಯ ಕಣಿವೆ. ಷಿಂಗು ಎಂಬುದು ಅಮೆಜಾನಿನ ದೊಡ್ಡ ಉಪನದಿ. ಬಂಡೆಗಳ ನಡುವೆ ಕವಲೊಡೆದು ಧುಮ್ಮಿಕ್ಕುವ ನದಿ. ಇದರ ಪೂರ್ವಿಕರು ಬಹುಪ್ರಾಚೀನ ಕಾಲದಲ್ಲಿ ಸಮುದ್ರದಿಂದ ಬಂದವರು. ಸಮುದ್ರದ ತೊರಕೆಗಳು ಉಪ್ಪುನೀರನ್ನು ತಾಳಿಕೊಳ್ಳಲು ರಕ್ತದಲ್ಲಿ ಯೂರಿಯಾವನ್ನು ಉಳಿಸಿಕೊಳ್ಳುತ್ತವೆ. ನದಿಯ ಈ ಕುಲ ಆ ಸಾಮರ್ಥ್ಯವನ್ನೇ ಕಳೆದುಕೊಂಡಿದೆ. ಮರಳಿ ಸಮುದ್ರಕ್ಕೆ ಹೋಗುವ ದಾರಿ ಅದಕ್ಕೆ ಮುಚ್ಚಿದೆ. ಮೊಟ್ಟೆಯಿಡದೆ ಮರಿ ಹಾಕುವ ಈ ಮೀನು ಒಂದು ಸಲಕ್ಕೆ ಹೆರುವುದು ಕೆಲವೇ ಮರಿಗಳನ್ನು. ಹೀಗಾಗಿ ಹಿಡಿದಷ್ಟು ಬೇಗ ಸಂತತಿ ತುಂಬಿಕೊಳ್ಳುವುದಿಲ್ಲ. ಬಾಲದಲ್ಲಿ ಗರಗಸದಂಥ ವಿಷದ ಮುಳ್ಳಿದೆ. ಅದು ಬೆನ್ನಟ್ಟಿ ಬಂದು ಚುಚ್ಚುವ ಪ್ರಾಣಿಯಲ್ಲ, ತುಳಿದರೆ ಅಥವಾ ಹಿಡಿದರೆ ಚುಚ್ಚುತ್ತದೆ. ಆ ವಿಷಕ್ಕೆ ಆಸ್ಪತ್ರೆಯಲ್ಲಿ ಸಿಗುವ ಪ್ರತಿವಿಷವಿಲ್ಲ. ತಾಳಬಹುದಾದಷ್ಟು ಬಿಸಿನೀರಿನಲ್ಲಿ ಗಾಯವನ್ನು ಇಟ್ಟರೆ ನೋವು ತಗ್ಗುತ್ತದೆ, ವೈದ್ಯರಲ್ಲಿಗೆ ಹೋಗಲೇಬೇಕು. ತೊಟ್ಟಿ ತೊಳೆಯಲು ಕೈಹಾಕುವವರು ಮನೆಯ ಯಜಮಾನರಲ್ಲ, ಕೆಲಸಕ್ಕೆ ಬರುವ ಹುಡುಗರು ಎಂಬುದನ್ನೂ ಇಲ್ಲಿ ನೆನೆಯಬೇಕು.

ಷಿಂಗುವಿನ ಮೇಲೆ ಬೆಲೊ ಮಾಂಟೆ ಎಂಬ 11,233 ಮೆಗಾವಾಟ್ ಸಾಮರ್ಥ್ಯದ ಜಲವಿದ್ಯುತ್ ಯೋಜನೆ ಎದ್ದಿದೆ. 2016ರಲ್ಲಿ ಮೊದಲ ಯಂತ್ರ ತಿರುಗಿತು, 2019ರಲ್ಲಿ ಕೊನೆಯದು. ನದಿಯ ದೊಡ್ಡ ತಿರುವಿನ ಸುಮಾರು ನೂರು ಕಿಲೋಮೀಟರ್ ಉದ್ದಕ್ಕೆ ಹರಿಯಬೇಕಾದ ನೀರಿನ ಬಹುಪಾಲನ್ನು ಕಾಲುವೆಗೆ ತಿರುಗಿಸಲಾಗಿದೆ. ಮಳೆಗಾಲದಲ್ಲಿ ಮುಳುಗಬೇಕಾದ ಕಾಡು ಮುಳುಗುವುದಿಲ್ಲ, ಅಲ್ಲಿ ಮೊಟ್ಟೆಯಿಡಬೇಕಾದ ಮೀನುಗಳಿಗೆ ಸ್ಥಳವಿಲ್ಲ, ಆ ಮೀನನ್ನು ನಂಬಿದ ಮೂಲನಿವಾಸಿಗಳಿಗೆ ಊಟವಿಲ್ಲ. ಲಿಂಗನಮಕ್ಕಿಯ ನೀರಿನಲ್ಲಿ ಮನೆ ಮುಳುಗಿಸಿಕೊಂಡವರ ಮೊಮ್ಮಕ್ಕಳು ಈ ಪತ್ರಿಕೆಯ ಓದುಗರಲ್ಲಿದ್ದಾರೆ. ಅವರಿಗೆ ಈ ಕಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. 2022ರ ನವೆಂಬರಿನಲ್ಲಿ ಪನಾಮಾದಲ್ಲಿ ಸೇರಿದ ವನ್ಯಜೀವಿ ವ್ಯಾಪಾರ ಒಪ್ಪಂದದ ಸಭೆಯು ಷಿಂಗುವಿನ ಈ ತೊರಕೆಯನ್ನು, ಅದರ ಕೆಲವು ಬಂಧುಗಳೊಂದಿಗೆ, ಎರಡನೆಯ ಅನುಬಂಧಕ್ಕೆ ಸೇರಿಸಿತು. ಇನ್ನು ಪರವಾನಗಿಯಿಲ್ಲದೆ ಗಡಿ ದಾಟಿಸುವಂತಿಲ್ಲ.

ಇಲ್ಲಿ ಒಂದು ಆಕ್ಷೇಪಣೆ ಬರುತ್ತದೆ, ಅದು ಹಗುರವಾದುದಲ್ಲ. "ಈಗ ಮಾರುವ ತೊರಕೆಗಳಲ್ಲಿ ಬಹಳಷ್ಟು ಥಾಯ್ಲೆಂಡ್, ತೈವಾನ್, ಮಲೇಶಿಯಾಗಳ ಕೊಳಗಳಲ್ಲಿ ಹುಟ್ಟಿದವು, ಕಾಡಿನ ನದಿಗೆ ಅದರಿಂದ ನಷ್ಟವೇನು?" ನಿಜ. ಆದರೆ ಅದರ ಇನ್ನೊಂದು ಮುಖವನ್ನೂ ನೋಡಬೇಕು. ಅಮೆಜಾನಿನ ಮತ್ತೊಂದು ಉಪನದಿ ರಿಯೊ ನೀಗ್ರೊ ದಂಡೆಯ ಬಾರ್ಸೆಲೊಸ್ ಎಂಬ ಊರಿನ ಜನ ಕಾರ್ಡಿನಲ್ ಟೆಟ್ರಾ ಎಂಬ ಪುಟ್ಟ ಮೀನನ್ನು ಹಿಡಿದು ಮಾರಿ ಬದುಕಿದವರು. ಆ ಮೀನು ಅಲ್ಪಾಯು. ಪ್ರತಿ ಬೇಸಗೆಯಲ್ಲಿ ನೀರಿಳಿದಾಗ ಅಪಾರ ಸಂಖ್ಯೆಯಲ್ಲಿ ತಾನಾಗಿ ಸಾಯುತ್ತದೆ. ಬಲೆಯಿಂದ ಅದಕ್ಕೆ ಹಾನಿ ಕಡಿಮೆ. ಮೀನಿನ ಆದಾಯವಿದ್ದಷ್ಟು ಕಾಲ ಆ ಜನಕ್ಕೆ ಕಾಡನ್ನು ಕಡಿಯುವ ಅಗತ್ಯ ಬೀಳದು ಎಂಬುದನ್ನು ತೋರಿಸಲು ಪಿಯಾಬಾ ಯೋಜನೆ ದಶಕಗಳಿಂದ ದುಡಿಯುತ್ತಿದೆ. ಕೊಳದ ಮೀನು ಅಗ್ಗವಾಗಿ ಬಂದಾಗ ಪೆಟ್ಟು ಬಿದ್ದದ್ದು ಬಾರ್ಸೆಲೊಸಿನವರಿಗೆ. ಆದ್ದರಿಂದ ಮೀನು ಸಾಕುವುದೆಲ್ಲ ಪಾಪ ಎಂದು ನಾನು ಹೇಳಲಾರೆ. ಬೆರಳುದ್ದದ ಮೀನನ್ನು ಅದರ ಅಳತೆಗೆ ಒಪ್ಪುವ ತೊಟ್ಟಿಯಲ್ಲಿ ಸಾಕಿ, ಶಾಲೆಯ ಮಕ್ಕಳಿಗೆ ನೀರಿನ ಗುಣ ಕಲಿಸಿದ ಮೇಷ್ಟರೊಬ್ಬರು ನನಗೂ ಇದ್ದರು.

ಮೈಯಗಲ ಅರ್ಧ ಮೀಟರ್ ಮೀರಬಲ್ಲ ತೊರಕೆಯದೂ ಮೀಟರಿಗಿಂತ ಉದ್ದ ಬೆಳೆಯುವ ಕೆಂಪು ಬಾಲದ ಮೀನಿನದೂ ಮಾತು ಬೇರೆ. ಅಂಗಡಿಯಲ್ಲಿ ಎರಡು ಮೂರು ಅಂಗುಲದ ಮರಿಯಾಗಿದ್ದಾಗ ಇದು ಎಷ್ಟು ಬೆಳೆಯುತ್ತದೆಂದು ಯಾರೂ ಹೇಳುವುದಿಲ್ಲ. "ತೊಟ್ಟಿಯಷ್ಟೇ ಬೆಳೆಯುತ್ತದೆ" ಎಂಬ ಮಾತನ್ನು ಅಂಗಡಿಯವರೂ ಕೊಳ್ಳುವವರೂ ನಂಬಿದ್ದಾರೆ. ಅದು ಸುಳ್ಳು. ಇಕ್ಕಟ್ಟಿನಲ್ಲಿ ಬೆಳವಣಿಗೆ ಕುಂಠಿತವಾದರೆ ಅದು ರೋಗವೇ ಹೊರತು ಹೊಂದಾಣಿಕೆಯಲ್ಲ. ಭಾವನ ಮನೆಯ ಮೀನು ಹಾಗೆ ಕುಂಠಿತವೂ ಆಗಲಿಲ್ಲ, ಅದೊಂದು ಅದೃಷ್ಟವೋ ದುರದೃಷ್ಟವೋ.

ದೊಡ್ಡದಾದ ಮೀನು ಕೊನೆಗೆ ಎಲ್ಲಿಗೆ ಹೋಗುತ್ತದೆ? ಹೊಳೆಗೆ, ಕೆರೆಗೆ. 2018ರ ಆಗಸ್ಟಿನ ಪ್ರವಾಹದಲ್ಲಿ ಕೇರಳದ ಕೊಳಗಳು ಕೊಚ್ಚಿಹೋದ ಮೇಲೆ ಚಾಲಕುಡಿ ಹೊಳೆಯಲ್ಲಿ ಬಲೆಗೆ ಬಿದ್ದದ್ದು ಅಮೆಜಾನಿನ ದೈತ್ಯ ಅರಪೈಮ. 2023ರಲ್ಲಿ ಶ್ರೀನಗರದ ದಲ್ ಸರೋವರದಲ್ಲಿ ಸಿಕ್ಕಿದ್ದು ಅಮೆರಿಕದ ಮೊಸಳೆಮೂತಿಯ ಗಾರ್ ಮೀನು. ಸಿಂಗಪುರದ ಜಲಾಶಯವೊಂದರಲ್ಲಿ ಯಾರೋ ಬಿಟ್ಟ ಅಮೆಜಾನಿನ ತೊರಕೆ ಮರಿ ಹಾಕಿ ನೆಲೆಯೂರಿರುವುದನ್ನು ಅಲ್ಲಿಯ ವಿಜ್ಞಾನಿಗಳು ದಾಖಲಿಸಿದ್ದಾರೆ. ತೊಟ್ಟಿಯ ಪಾಚಿ ತಿನ್ನಲೆಂದು ತಂದ ಒರಟು ಚಿಪ್ಪಿನ ಕ್ಯಾಟ್‌ಫಿಶ್ ದಕ್ಷಿಣ ಭಾರತದ ಎಷ್ಟೋ ಕೆರೆಗಳಲ್ಲಿ ಈಗ ಬಲೆ ಹರಿಯುವಷ್ಟಿದೆ. ಬಿಟ್ಟವರೆಲ್ಲ ಜೀವ ಉಳಿಸುವ ಉದ್ದೇಶದಿಂದಲೇ ಬಿಟ್ಟಿರಬೇಕು.

ದೇವರ ಗುಂಡಿ ಎಂದರೆ ನಮ್ಮ ಸೀಮೆಯಲ್ಲಿ ಬರಿಯ ಮಡುವಲ್ಲ. ಶೃಂಗೇರಿಯಲ್ಲಿ, ಶಿಶಿಲದಲ್ಲಿ, ತೀರ್ಥಹಳ್ಳಿ ಸೀಮೆಯ ತುಂಗೆಯ ಮಡುಗಳಲ್ಲಿ ಮಹಶೀರ್ ಉಳಿದುಕೊಂಡಿರುವುದು ಸರಕಾರದ ಫಲಕದಿಂದಲ್ಲ, ಇಲ್ಲಿ ಬಲೆ ಹಾಕಬಾರದೆಂಬ ಹಿರಿಯರ ಕಟ್ಟಳೆಯಿಂದ. ಶಿಶಿಲದಲ್ಲಿ 1996ರಲ್ಲಿ ದುಷ್ಕರ್ಮಿಗಳು ನೀರಿಗೆ ವಿಷ ಹಾಕಿ ಮೀನುಗಳನ್ನು ಕೊಂದಾಗ ಊರವರು ಅವುಗಳಿಗೆ ಸ್ಮಾರಕ ಕಟ್ಟಿದರು. ಹಾಗೆ ಕಾಯ್ದ ಮಡುವಿಗೆ, ಬಾಯಿಗೆ ಹಿಡಿಸಿದ್ದನ್ನೆಲ್ಲ ನುಂಗುವ ಪರದೇಶದ ಬೇಟೆಗಾರನನ್ನು ಕೈಯಾರೆ ಇಳಿಸುವುದೇ? ಚಳಿಗೆ ಅದು ಸತ್ತೂ ಹೋಗಬಹುದು. ಸಾಯುವ ತನಕ ತಿನ್ನುವುದು ನಮ್ಮ ಮರಿಗಳನ್ನು. ಮೈಯಲ್ಲಿ ರೋಗವಿದ್ದರೆ ಅದನ್ನೂ ಹಂಚುತ್ತದೆ. ಮಳೆಗಾಲದಲ್ಲಿ ಕೊಚ್ಚಿಕೊಂಡು ಬೆಚ್ಚನೆಯ ಜಲಾಶಯ ಸೇರಿದರೆ ಸಾಯದೆಯೂ ಇರಬಹುದು.

ವ್ಯಾಪಾರದ ಈ ಹಾದಿ ಒಮ್ಮುಖದ್ದಲ್ಲವೆಂಬುದು ವಿದ್ಯಾರ್ಥಿಗಳಿಗೆ ತಿಳಿದಿರಬೇಕು. ಮೈತುಂಬ ತೆಳು ಪಟ್ಟೆಗಳುಳ್ಳ, ಬೆರಳುದ್ದದ ಬೋಟಿಯಾ ಸ್ಟ್ರಯಾಟಾ ಎಂಬ ಮೀನಿದೆ. ಅದನ್ನು 1920ರಲ್ಲಿ ವಿಜ್ಞಾನಕ್ಕೆ ಪರಿಚಯಿಸಿದವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಸಿ. ಆರ್. ನಾರಾಯಣ ರಾವ್, ಮೀನು ಸಿಕ್ಕಿದ್ದು ಶಿವಮೊಗ್ಗ ಜಿಲ್ಲೆಯ ತುಂಗೆಯಲ್ಲಿ. ಪಶ್ಚಿಮಘಟ್ಟ ಬಿಟ್ಟರೆ ಅದಕ್ಕೆ ಬೇರೆ ನೆಲೆಯಿಲ್ಲ. ಇಂದು ಅದು ಅಳಿವಿನಂಚಿನ ಪಟ್ಟಿಯಲ್ಲಿದೆ, ಯೂರೋಪಿನ ಹಜಾರಗಳ ತೊಟ್ಟಿಯಲ್ಲಿಯೂ ಇದೆ. 2005ರಿಂದ 2012ರವರೆಗೆ ಭಾರತದಿಂದ ಹೊರಹೋದ, ಅಪಾಯದಲ್ಲಿರುವ 30 ಜಾತಿಯ ಸಿಹಿನೀರ ಮೀನುಗಳ ಸಂಖ್ಯೆ ಹದಿನೈದು ಲಕ್ಷ ಮೀರಿತ್ತೆಂದು ಸಂಶೋಧಕರು ಲೆಕ್ಕ ಹಾಕಿದ್ದಾರೆ. ಅದರಲ್ಲಿ ದೊಡ್ಡ ಪಾಲು ಪಡೆದ ಜಾತಿಗಳಲ್ಲಿ ನಮ್ಮ ತುಂಗೆಯ ಈ ಮೀನೂ ಒಂದು. ಷಿಂಗುವಿನ ಮೀನು ನಮ್ಮ ಹಜಾರದಲ್ಲಿ, ತುಂಗೆಯ ಮೀನು ಅವರೆಲ್ಲಿಯದೋ ಹಜಾರದಲ್ಲಿ. ಎರಡು ಹೊಳೆಗಳೂ ಬಡವಾದವು.

ಭಾವನಿಗೆ ನಾನು ಹೇಳಿದ್ದು ಇಷ್ಟು. ಹೊಳೆಗೆ ಖಂಡಿತ ಬೇಡ, ಹೊಳೆಗೆ ಸೇರುವ ತೋಡಿಗೂ ಬೇಡ, ತೋಟದ ಕೆರೆಗೂ ಬೇಡ; ನಮ್ಮ ತೋಟದ ಕೆರೆಗಳೆಲ್ಲ ಆಷಾಢದಲ್ಲಿ ಕೋಡಿ ಬೀಳುತ್ತವೆ. ದೊಡ್ಡ ತೊಟ್ಟಿಯುಳ್ಳ, ಹೊಣೆ ಹೊರಬಲ್ಲ ಮತ್ಸ್ಯಾಲಯ ಒಪ್ಪಿದರೆ ಕೊಡಬಹುದು, ಆದರೆ ಇಂತಹ ಮೀನುಗಳನ್ನು ಬೇಡವೆನ್ನುವವರೇ ಹೆಚ್ಚು. ಯಾರೂ ಒಪ್ಪದಿದ್ದರೆ, ಮತ್ತು ಸಾಕಲು ಆಗದಿದ್ದರೆ, ಮೀನುಗಾರಿಕೆ ಇಲಾಖೆಯವರನ್ನು ಕೇಳಿ ನೋವಾಗದಂತೆ ಕೊಲ್ಲುವುದೇ ಸರಿ. ಈ ಮಾತಿಗೆ ಅಕ್ಕ ಒಳಗೆದ್ದು ಹೋದಳು. ಅಹಿಂಸೆಯ ಮನೆಯಲ್ಲಿ ಇಂಥ ಮಾತಾಡಿದ್ದಕ್ಕೆ ನನಗೂ ಸುಖವಾಗಲಿಲ್ಲ. ಆದರೆ ಒಂದು ಜೀವವನ್ನು ಉಳಿಸಿದೆವೆಂಬ ಸಮಾಧಾನಕ್ಕೆ ಒಂದು ಮಡುವನ್ನು ತೆರುವುದನ್ನು ಪುಣ್ಯವೆಂದು ಕರೆಯಲು ನಾನು ಸಿದ್ಧನಿಲ್ಲ.

ಇಂತಹ ಮೀನು ಮನೆಯಲ್ಲಿರುವವರು ಮತ್ತೊಂದನ್ನು ಗಮನಿಸಬೇಕು. ಅಂತರರಾಷ್ಟ್ರೀಯ ಒಪ್ಪಂದದಂತೆ ನಮ್ಮ ವನ್ಯಜೀವಿ ಕಾಯಿದೆಯ ಪಟ್ಟಿಗೆ ಸೇರಿದ ಪ್ರಾಣಿಗಳನ್ನು ಸಾಕುವವರು ಮುಖ್ಯ ವನ್ಯಜೀವಿ ಪರಿಪಾಲಕರಿಗೆ ವರದಿ ಮಾಡಿ ನೋಂದಾಯಿಸಬೇಕೆಂಬ ನಿಯಮ 2024ರಲ್ಲಿ ಜಾರಿಗೆ ಬಂದಿದೆ. ಏಷ್ಯಾದ ಅರೊವಾನ ಇಟ್ಟವರು ಇದನ್ನು ಅವಶ್ಯ ಓದಬೇಕು. ಹೊಳೆಯಲ್ಲಿ ಗುರುತು ಸಿಗದ ಮೀನು ಬಲೆಗೆ ಬಿದ್ದರೆ ಮರಳಿ ನೀರಿಗೆ ಬಿಡದೆ, ಚಿತ್ರ ತೆಗೆದು ತಾಲೂಕಿನ ಮೀನುಗಾರಿಕೆ ಕಚೇರಿಗೂ ನಮ್ಮ ಬಳಗಕ್ಕೂ ತಿಳಿಸಿರಿ.

ಕಳೆದ ವಾರ ಭಾವ ಫೋನು ಮಾಡಿದ್ದರು. ಮನೆಯ ಮೇಲ್ಬದಿಯ ದಿಬ್ಬದಲ್ಲಿ, ಹೊಳೆಯ ಕಡೆಗೆ ಇಳಿಜಾರಿಲ್ಲದ ಜಾಗದಲ್ಲಿ, ಹದಿನೈದು ಅಡಿಯ ಸಿಮೆಂಟು ತೊಟ್ಟಿ ಕಟ್ಟಿಸಿ ಮೇಲೆ ಜಾಲರಿ ಹಾಕಿಸುತ್ತಾರಂತೆ. ಮೀನು ಇದ್ದಷ್ಟು ದಿನ ಅಲ್ಲಿರಲಿ ಎಂದರು. ಆ ಮೀನು ಹದಿನೈದು ವರ್ಷವೂ ಬದುಕಬಹುದೆಂದು ನಾನು ಹೇಳಿದೆ. ಸ್ವಲ್ಪ ಹೊತ್ತು ಮಾತಿರಲಿಲ್ಲ. ಆಮೇಲೆ, ಹಜಾರದ ಗಾಜಿನ ತೊಟ್ಟಿಯನ್ನು ಯಾರಾದರೂ ಕೊಳ್ಳುವವರಿದ್ದಾರೆಯೇ ವಿಚಾರಿಸು ಎಂದರು. ವಿಚಾರಿಸುತ್ತಿಲ್ಲ.