ಶಂಕರಘಟ್ಟವೋ ಶಿವಗಂಗೋತ್ರಿಯೋ?

ಕಾಲೇಜುಗಳ ಬಾಗಿಲು ತೆರೆಯುವ ಕಾಲ ಬಂದಿತೆಂದರೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಅನೇಕ ಮನೆಗಳಲ್ಲಿ ಒಂದೇ ಪ್ರಶ್ನೆ ಏಳುತ್ತದೆ. ಒಂದು ವಿಶ್ವವಿದ್ಯಾನಿಲಯದ ಕಾಲೇಜಿನಲ್ಲಿ ಅರ್ಧ ಓದಿದ ಮಗನನ್ನಾಗಲಿ ಮಗಳನ್ನಾಗಲಿ ಇನ್ನೊಂದಕ್ಕೆ ಸೇರಿಸಬೇಕಾಗಿ ಬಂದಿದೆ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾನಿಲಯ ಲೇಸೋ, ಶಿವಗಂಗೋತ್ರಿಯ ದಾವಣಗೆರೆ ವಿಶ್ವವಿದ್ಯಾನಿಲಯ ಲೇಸೋ? ವಕೀಲಿ ವೃತ್ತಿಯಲ್ಲಿರುವ ನಮ್ಮನ್ನೂ ಜನರು ಇದನ್ನು ಕೇಳುವುದುಂಟು. ಜಮೀನಿನ ತಕರಾರಿಗೆ ಬಂದವರು ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು ಕೇಳುತ್ತಾರೆ. ಅವರಿಗೆ ನಿಂತ ನಿಲುವಿನಲ್ಲಿ ಕೊಡಲಾಗದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಈ ಗೆರೆಗಳು ಹೇಗೆ ಬಿದ್ದವೆಂಬುದನ್ನು ವಾಚಕರು ನೆನೆಯಬೇಕು. ದಾವಣಗೆರೆ ಜಿಲ್ಲೆಯು ಹುಟ್ಟಿದುದು 1997ನೆಯ ಇಸವಿಯಲ್ಲಿ. ಚನ್ನಗಿರಿ ಹೊನ್ನಾಳಿಗಳು ಶಿವಮೊಗ್ಗದಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಅದಕ್ಕೆ ಬಂದವು. ನ್ಯಾಮತಿಯು ಆಗ ಹೊನ್ನಾಳಿಯ ಒಳಗೇ ಇದ್ದು, ಮುಂದೆ ಬೇರೆ ತಾಲ್ಲೂಕಾಯಿತು. ವಿಶ್ವವಿದ್ಯಾನಿಲಯದ ಗೆರೆಯಾದರೋ ಬೇರೆಯೇ ದಾರಿಯನ್ನು ಹಿಡಿಯಿತು. ದಾವಣಗೆರೆಯಲ್ಲಿ 1979ರಲ್ಲಿ ತೆರೆದುದು ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರ. 1987ರಲ್ಲಿ ಕುವೆಂಪು ವಿಶ್ವವಿದ್ಯಾನಿಲಯವು ಸ್ಥಾಪನೆಯಾದಾಗ ಅದು ಇದರ ಕೈಗೆ ಬಂತು. 2009ರಲ್ಲಿ ಅದೇ ಕೇಂದ್ರವು ಸ್ವತಂತ್ರವಾದ ವಿಶ್ವವಿದ್ಯಾನಿಲಯವಾಗಿ, ದಾವಣಗೆರೆ ಚಿತ್ರದುರ್ಗ ಜಿಲ್ಲೆಗಳು ಅದರ ಮೇರೆಯೊಳಗೆ ಸೇರಿದವು. ಶಿವಮೊಗ್ಗ ಚಿಕ್ಕಮಗಳೂರುಗಳು ಶಂಕರಘಟ್ಟಕ್ಕೆ ಉಳಿದವು. ಹೀಗಾಗಿ ದಾವಣಗೆರೆಯ ಒಂದೇ ಕಾಲೇಜಿನಲ್ಲಿ, ಪ್ರಾಯಶಃ ಒಂದೇ ಬೆಂಚಿನ ಮೇಲೆ ಕುಳಿತು ಓದಿದವರಲ್ಲಿ ತಂದೆಯು ಮೈಸೂರಿನ ಪದವೀಧರ, ಹಿರಿಯ ಮಗನು ಕುವೆಂಪು ವಿಶ್ವವಿದ್ಯಾನಿಲಯದವನು, ಕಿರಿಯವನು ದಾವಣಗೆರೆಯವನು. ಮನೆ ಒಂದೇ, ಊರು ಒಂದೇ. ಗೋಡೆಯ ಮೇಲಿನ ಪ್ರಮಾಣಪತ್ರಗಳು ಮಾತ್ರ ಮೂರು ಬಗೆ.

ಪದವಿಯನ್ನು ಮುಗಿಸಿದವರಿಗೆ ಇದರಿಂದ ಬಾಧೆಯಿಲ್ಲ. ಬಾಧೆಯೆಲ್ಲ ನಡುವೆ ಸ್ಥಳ ಬಿಡಬೇಕಾದವರಿಗೆ. ನ್ಯಾಮತಿಯವರಿಗೆ ದಾವಣಗೆರೆಗಿಂತ ಶಿವಮೊಗ್ಗ ಹತ್ತಿರ; ಸವಳಂಗದ ಹುಡುಗರು ಬಸ್ಸು ಹತ್ತುವುದು ಆ ಕಡೆಗೆ. ಜಿಲ್ಲೆಯ ಕಚೇರಿ ಒಂದು ಕಡೆ, ನಿತ್ಯದ ಬದುಕು ಇನ್ನೊಂದು ಕಡೆ. ತಂದೆಗೆ ವರ್ಗವಾಗುತ್ತದೆ, ಹಾಸ್ಟೆಲಿನಲ್ಲಿ ಸ್ಥಳ ಸಿಕ್ಕುವುದಿಲ್ಲ, ಮಗಳಿಗೆ ಮದುವೆಯಾಗುತ್ತದೆ.

ಈ ಕಡೆಯದೇ ಒಂದು ಪ್ರಸಂಗವನ್ನು ಹೇಳುತ್ತೇವೆ. ನಾಲ್ಕು ತಾಲ್ಲೂಕುಗಳಲ್ಲಿ ಒಂದರ ಹೆಣ್ಣುಮಗಳು ಬಿ.ಎ. ನಾಲ್ಕು ಸೆಮಿಸ್ಟರುಗಳನ್ನು ಒಳ್ಳೆಯ ಅಂಕಗಳಿಂದ ಮುಗಿಸಿದ್ದಳು. ಮದುವೆಯಾಗಿ ಹೋದ ಊರು ಇನ್ನೊಂದು ವಿಶ್ವವಿದ್ಯಾನಿಲಯದ ಮೇರೆಯೊಳಗಿನದು. ಸೊಸೆ ಓದಲಿ ಎಂದು ಅತ್ತೆಯೇ ಮುಂದೆ ನಿಂತು ಕಾಲೇಜಿಗೆ ಕರೆದುಕೊಂಡು ಹೋದಳು; ಅಂಥ ಅತ್ತೆಯು ಎಷ್ಟು ಮನೆಗಳಲ್ಲಿ ಉಂಟು? ಆದರೆ ಅವಳು ಓದಿದ್ದ ಮೂರು ವಿಷಯಗಳ ಜೋಡಣೆ ಅಲ್ಲಿರಲಿಲ್ಲ. ಇದ್ದ ವಿಷಯಗಳಲ್ಲಿಯೂ ಹಿಂದಿನ ಕೆಲವು ಪತ್ರಿಕೆಗಳನ್ನು ಹೊಸದಾಗಿ ಬರೆಯಬೇಕೆಂದರು. ಅಷ್ಟರಲ್ಲಿ ಹಳೆಯ ಕಾಲೇಜಿನಿಂದ ಟಿ.ಸಿ. ಪಡೆದಾಗಿತ್ತು, ಹಿಂದಿರುಗಲು ದಾರಿಯಿಲ್ಲ, ಮುಂದೆ ಹೋಗಲು ಬಾಗಿಲಿಲ್ಲ. ಅವಳ ಮಾವನವರು ಕಾಗದಗಳ ಕಟ್ಟನ್ನು ನಮ್ಮ ಮೇಜಿನ ಮೇಲಿಟ್ಟು, ಯಾರ ಮೇಲೆ ದಾವೆ ಹೂಡಬಹುದೆಂದು ಕೇಳಿದರು. ಕಾಗದಗಳನ್ನೆಲ್ಲ ಓದಿದೆವು. ದಾವೆ ಹೂಡಲು ಯಾರೂ ಸಿಕ್ಕಲಿಲ್ಲ. ಎಲ್ಲರೂ ನಿಯಮದಂತೆಯೇ ನಡೆದಿದ್ದರು. ಹುಡುಗಿ ಓದು ಬಿಟ್ಟಳು.

ಆದುದರಿಂದ ನಮ್ಮ ಮೊದಲನೆಯ ಉತ್ತರ, ಪದವಿಯ ನಡುವೆ ವಿಶ್ವವಿದ್ಯಾನಿಲಯವನ್ನು ಬದಲಿಸಬೇಡಿರಿ ಎಂಬುದೇ. ಉಳಿದುದು ಒಂದು ವರ್ಷವಾದರೆ ಬಸ್ಸಿನ ಕಷ್ಟ, ನೆಂಟರ ಮನೆಯ ವಾಸ, ಇವನ್ನು ತಾಳಿಕೊಳ್ಳಬಹುದು. ಕಳೆದ ವರ್ಷವು ಮರಳಿ ಬಾರದು. ಬದಲಿಸಲೇಬೇಕಾದರೆ ಎರಡು ಕಡೆಯ ಪಾಠಪಟ್ಟಿಗಳನ್ನು ಎದುರೆದುರು ಇಟ್ಟುಕೊಂಡು, ಪತ್ರಿಕೆ ಪತ್ರಿಕೆಯಾಗಿ ಹೋಲಿಸಿ ನೋಡಬೇಕು. ವಿಷಯದ ಹೆಸರು ಒಂದೇ ಎಂದು ನಂಬಿ ಕೂರತಕ್ಕದ್ದಲ್ಲ. ಪದವಿ ತರಗತಿಗಳ ಕ್ರಮವು 2021ರಲ್ಲಿ ಹೊಸ ಶಿಕ್ಷಣನೀತಿಯಂತೆ ಒಂದು ಬಗೆಯಾಯಿತು. 2024ರಲ್ಲಿ ಸರಕಾರವು ನಾಲ್ಕು ವರ್ಷದ ಪದವಿಯನ್ನು ಕೈಬಿಟ್ಟು ಮೂರು ವರ್ಷಕ್ಕೆ ಮರಳಿದಾಗ ಮತ್ತೊಂದು ಬಗೆಯಾಯಿತು. ಮೂರು ವರ್ಷಗಳೊಳಗೆ ಎರಡು ಸಲ ಕ್ರಮ ಬದಲಾಗಬಲ್ಲುದಾದರೆ, ಸ್ಥಳ ಬದಲಿಸುವ ಭರದಲ್ಲಿ ಒಂದು ವರ್ಷ ಹಿಂದೆ ಬಿದ್ದವನು ತಾನು ಓದಿದ ಕ್ರಮವೇ ಇಲ್ಲದ ತರಗತಿಯಲ್ಲಿ ಕುಳಿತಿರುವ ಸಂಭವವುಂಟು.

ಪದವಿ ಮುಗಿಸಿ ಎಂ.ಎ., ಎಂ.ಎಸ್‌ಸಿ.ಗೆ ಹೋಗುವವರ ಮಾತು ಬೇರೆ. ಅವರು ಧಾರಾಳವಾಗಿ ಆರಿಸಿಕೊಳ್ಳಲಿ. ಆದರೆ ಹೊರಗಿನ ವಿಶ್ವವಿದ್ಯಾನಿಲಯದ ಪದವೀಧರರಿಗೆ ಸಾಮಾನ್ಯವಾಗಿ ಕೆಲವೇ ಸ್ಥಾನಗಳನ್ನು ಇಟ್ಟಿರುತ್ತಾರೆಂಬುದನ್ನು ಮರೆಯಬಾರದು. ಇಲ್ಲಿ ಆಯ್ಕೆಯನ್ನು ವಿಷಯವೇ ನಿರ್ಣಯಿಸಬೇಕು. ವನ್ಯಜೀವಿಗಳ ಅಧ್ಯಯನವನ್ನು ಬಯಸುವವನಿಗೆ ಭದ್ರಾ ಜಲಾಶಯದ ಸಮೀಪದಲ್ಲಿ, ಕಾಡಿನ ಮಗ್ಗುಲಲ್ಲಿರುವ ಶಂಕರಘಟ್ಟಕ್ಕಿಂತ ತಕ್ಕ ಸ್ಥಳ ಇನ್ನಾವುದು? ಚಿತ್ರಕಲೆಯನ್ನು ಕಲಿಯುವವನು ಅಲ್ಲಿಗೆ ಹೋಗಿ ಮಾಡುವುದೇನು? ಅವನಿಗೆ ದಾವಣಗೆರೆಯಲ್ಲಿ ವಿಶ್ವವಿದ್ಯಾನಿಲಯದ್ದೇ ದೃಶ್ಯಕಲಾ ಮಹಾವಿದ್ಯಾಲಯವಿದೆ. ಖರ್ಚಿನ ಲೆಕ್ಕವೂ ಸಣ್ಣದಲ್ಲ. ಶಿವಗಂಗೋತ್ರಿಯು ದಾವಣಗೆರೆ ನಗರಕ್ಕೆ ಹತ್ತಿರ, ತೋಳಹುಣಸೆಯಲ್ಲಿದೆ. ಊರಿನಲ್ಲಿ ಬಾಡಿಗೆ ಕೋಣೆ ಹಿಡಿದು ಹೋಗಿ ಬರಬಹುದು. ಶಂಕರಘಟ್ಟಕ್ಕೆ ನ್ಯಾಮತಿಯಿಂದ ನಿತ್ಯ ಓಡಾಡುವೆನೆಂಬುದು ಹುಡುಗಾಟದ ಮಾತು. ಅಲ್ಲಿ ಹಾಸ್ಟೆಲಿನ ಸ್ಥಳ ಗೊತ್ತಾದ ಮೇಲೆಯೇ ಹಣ ಕಟ್ಟುವುದು ಕ್ಷೇಮ. ಜಗಳೂರಿನವರಿಗೆ ದಾವಣಗೆರೆ ಚಿತ್ರದುರ್ಗಗಳೆರಡೂ ಕೈಗೆಟಕುವಂತಿರುವಾಗ, ಬಯಸಿದ ವಿಷಯವು ಅಲ್ಲಿ ಇಲ್ಲದಿದ್ದರೆ ಮಾತ್ರ ದೂರದ ಯೋಚನೆ ಸಲ್ಲುವುದು. 'ನಮ್ಮ ಜಿಲ್ಲೆಯದು' ಎಂಬ ಅಭಿಮಾನವನ್ನಾಗಲಿ, 'ಮಹಾಕವಿಯ ಹೆಸರಿನದು' ಎಂಬ ಗೌರವವನ್ನಾಗಲಿ ನಾವು ಹಳಿಯುವುದಿಲ್ಲ. ಅಂಕಪಟ್ಟಿಯಲ್ಲಿ ಅವೆರಡಕ್ಕೂ ಸ್ಥಳವಿಲ್ಲ, ಅಷ್ಟೆ.

ಇಷ್ಟು ವಿದ್ಯಾರ್ಥಿಗಳಿಗೆ. ಇನ್ನು ಅಧಿಕಾರದಲ್ಲಿರುವವರನ್ನು ಕೇಳಬೇಕಾದುದೊಂದಿದೆ. ವೈದ್ಯಶಾಸ್ತ್ರಕ್ಕೆ 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾನಿಲಯವನ್ನೂ ಎಂಜಿನಿಯರಿಂಗಿಗೆ 1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯವನ್ನೂ ಇಡೀ ಕರ್ನಾಟಕಕ್ಕೆ ಒಂದೊಂದರಂತೆ ಕಟ್ಟಿದರು. ತಾಂತ್ರಿಕ ವಿಶ್ವವಿದ್ಯಾನಿಲಯಕ್ಕೆ ಸೇರಿದ ದಾವಣಗೆರೆಯ ಕಾಲೇಜೊಂದರ ಹುಡುಗನು ಬೆಳಗಾವಿಯ ಅಂಥದೇ ಕಾಲೇಜಿಗೆ ಹೋದರೆ ಅವನ ವಿಶ್ವವಿದ್ಯಾನಿಲಯವು ಬದಲಾಗುವುದಿಲ್ಲ. ಬಿ.ಎ., ಬಿ.ಕಾಂ. ಓದುವ ಬಡವರ ಮಕ್ಕಳು ಮಾತ್ರ ನ್ಯಾಮತಿಯಿಂದ ಶಿವಮೊಗ್ಗಕ್ಕೆ ಹೋದರೆ ಪರರಾಜ್ಯಕ್ಕೆ ಹೋದಂತಾಗಬೇಕೇ?

ಪರರಾಜ್ಯವೆಂಬ ಮಾತನ್ನು ಅಲಂಕಾರಕ್ಕಾಗಿ ಬರೆದುದಲ್ಲ. ಈ ತಾಲ್ಲೂಕುಗಳಿಗೆ ಆ ಅನುಭವ ಹಳೆಯದು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಹುಟ್ಟಿದ ಮೇಲೆ ಹೊನ್ನಾಳಿಯವರು ಅದಕ್ಕೆ ಸೇರಿದವರಾದರು. ತುಂಗಭದ್ರೆಯನ್ನು ದಾಟಿದರೆ ಹಿರೇಕೆರೂರು ರಾಣೇಬೆನ್ನೂರುಗಳು ಮುಂಬಯಿ ಪ್ರಾಂತದವು, ಧಾರವಾಡದ ಕರ್ನಾಟಕ ವಿಶ್ವವಿದ್ಯಾನಿಲಯವು 1949ರಲ್ಲಿ ಬರುವ ತನಕ ಅಲ್ಲಿಯ ಹುಡುಗರು ಮುಂಬಯಿ ವಿಶ್ವವಿದ್ಯಾನಿಲಯದ ಪರೀಕ್ಷೆಗಳಿಗೆ ಕೂಡಬೇಕಾಗಿತ್ತು. ಜಗಳೂರಿನ ಬಡಗಲ ಮಗ್ಗುಲಿನ ಹರಪನಹಳ್ಳಿ ಕೊಟ್ಟೂರುಗಳು 1953ರ ವರೆಗೆ ಮದರಾಸು ಪ್ರಾಂತಕ್ಕೆ ಸೇರಿದ್ದವು. ಆಡುವ ನುಡಿ ಒಂದೇ ಆಗಿದ್ದ ಜನರಿಗೆ ಮೂರು ಸರಕಾರಗಳು, ಮೂರು ಪಾಠಪಟ್ಟಿಗಳು. 1956ರ ನವೆಂಬರ್ 1ರಂದು ಆ ಗೆರೆಗಳನ್ನು ಅಳಿಸಿದೆವು. ಇಂದು ಪೂರ್ಣ ಪದವಿಯನ್ನು ಎಲ್ಲ ವಿಶ್ವವಿದ್ಯಾನಿಲಯಗಳೂ ಮನ್ನಿಸುತ್ತವೆ. ಅರ್ಧ ಪದವಿಯನ್ನು ಹಿಡಿದು ಬಂದವನಿಗೆ ಮಾತ್ರ ಹಳೆಯ ಸುಂಕದಕಟ್ಟೆಗಳು ಮತ್ತೆ ಎದುರಾಗುತ್ತವೆ.

2021ರಿಂದ ವಿದ್ಯಾರ್ಥಿಯ ಕ್ರೆಡಿಟ್ಟುಗಳನ್ನು ಜಮಾ ಇಡುವ ಒಂದು ರಾಷ್ಟ್ರೀಯ ಏರ್ಪಾಡು ಬಂದಿದೆ. ಗಳಿಸಿದುದನ್ನು ಎಲ್ಲಿಗಾದರೂ ಒಯ್ಯಬಹುದೆಂಬುದು ಅದರ ಆಶಯ. ಒಳ್ಳೆಯದೇ. ಆದರೆ ಜಮಾ ಇಟ್ಟ ಪತ್ರಿಕೆಯು ತನ್ನ ಪತ್ರಿಕೆಗೆ ಸಮಾನವೆಂದು ಬರಮಾಡಿಕೊಳ್ಳುವ ವಿಶ್ವವಿದ್ಯಾನಿಲಯವು ಒಪ್ಪದ ಹೊರತು ಆ ಜಮೆಯಿಂದ ಪ್ರಯೋಜನವಿಲ್ಲ.

ನಾವು ಕೇಳುವುದು ದೊಡ್ಡ ಸುಧಾರಣೆಯನ್ನಲ್ಲ. 2009ರ ವರೆಗೆ ಒಂದೇ ಆಗಿದ್ದ ಈ ಎರಡು ವಿಶ್ವವಿದ್ಯಾನಿಲಯಗಳ ಅಧ್ಯಯನ ಮಂಡಲಿಗಳು ಒಟ್ಟಿಗೆ ಕುಳಿತು, ಇಲ್ಲಿಯ ಯಾವ ಪತ್ರಿಕೆಯು ಅಲ್ಲಿಯ ಯಾವುದಕ್ಕೆ ಸಮಾನವೆಂಬ ಒಂದು ಪಟ್ಟಿಯನ್ನು ಮಾಡಿ, ಪ್ರವೇಶದ ದಿನಗಳಿಗೆ ಮೊದಲೇ ಪ್ರಕಟಿಸಲಿ. ಅದನ್ನು ನಾಲ್ಕು ತಾಲ್ಲೂಕುಗಳ ಕಾಲೇಜುಗಳ ನೋಟೀಸು ಹಲಗೆಗೆ ಅಂಟಿಸಲಿ. ಕನ್ನಡ, ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಇಷ್ಟರಿಂದ ಮೊದಲಾದರೂ ಸಾಕು. ಸಭೆ ಎಲ್ಲಿ ಸೇರಬೇಕೆಂಬ ತಕರಾರು ಬರುವುದಾದರೆ ಚನ್ನಗಿರಿಯು ಎರಡಕ್ಕೂ ನಡುವೆ ಇದೆ. ಅಲ್ಲಿಯ ತನಕ ತಾಯಿತಂದೆಗಳು ಹೊಸ ವಿಶ್ವವಿದ್ಯಾನಿಲಯದ ಒಪ್ಪಿಗೆಯು, ಯಾವ ಯಾವ ಪತ್ರಿಕೆಗಳನ್ನು ಮನ್ನಿಸಲಾಗಿದೆ ಎಂಬ ವಿವರದೊಡನೆ, ಬರಹದಲ್ಲಿ ಕೈಸೇರುವ ಮೊದಲು ಹಳೆಯ ಕಾಲೇಜಿನಿಂದ ಟಿ.ಸಿ.ಯನ್ನು ಪಡೆಯಬಾರದು, ಗುಮಾಸ್ತರು ಬಾಯಿಮಾತಿನಲ್ಲಿ ಎಷ್ಟೇ ಧೈರ್ಯ ಹೇಳಿದರೂ ಪಡೆಯಬಾರದು.