ಸುಳ್ಳುಸಾಕ್ಷಿಯೂ ಓದುಗರ ಹೊಣೆಯೂ



ಅಚ್ಚಾದುದೆಲ್ಲವೂ ಸತ್ಯವೆಂದು ನಂಬುವುದು ಅಕ್ಷರ ಬಲ್ಲವರಿಗೆ ತಗಲುವ ಒಂದು ರೋಗ. ಓದು ಕಲಿಸಿದ ನಮಗೆ ಅದರ ಮದ್ದನ್ನೂ ತಿಳಿಸುವ ಹೊಣೆಯುಂಟು.

ಕಳೆದ ವರ್ಷ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಮರಿಯಾ ಮಾಂಕ್ ಎಂಬಾಕೆಯ ಆತ್ಮಕಥೆಯನ್ನು ತಂದು, "ಅಮ್ಮಾ, ಕಥೋಲಿಕರ ಕನ್ಯಾಮಠಗಳಲ್ಲಿ ಹೀಗೆಲ್ಲ ನಡೆಯುತ್ತಿತ್ತೇ?" ಎಂದು ಕೇಳಿದಳು. ಅವಳಿಗೆ ಕೊಟ್ಟ ಉತ್ತರವನ್ನೇ ಇಲ್ಲಿ ಬರೆಯುತ್ತೇನೆ.

ಈ ಗ್ರಂಥವು 1836ರಲ್ಲಿ ನ್ಯೂಯಾರ್ಕಿನಲ್ಲಿ ಪ್ರಕಟವಾಯಿತು. ಕೆನಡಾ ದೇಶದ ಮಾಂಟ್ರಿಯಲ್ ಪಟ್ಟಣದಲ್ಲಿ ರೋಗಿಗಳ ಶುಶ್ರೂಷೆ ಮಾಡುತ್ತಿದ್ದ ಓತೆಲ್ ದ್ಯೂ ಎಂಬ ಮಠದಲ್ಲಿ ತಾನು ಸನ್ಯಾಸಿನಿಯಾಗಿದ್ದೆನೆಂದೂ, ಅಲ್ಲಿ ಕೂಸುಗಳನ್ನು ಕೊಂದು ನೆಲಮಾಳಿಗೆಯ ಹೊಂಡಕ್ಕೆ ಹಾಕುತ್ತಿದ್ದರೆಂದೂ ಮಾಂಕ್ ಹೇಳಿದಳು. ಜನರು ಮುಗಿಬಿದ್ದು ಕೊಂಡರು. ಆದರೆ ಮಗಳು ಆ ಮಠದ ಸನ್ಯಾಸಿನಿಯಾಗಿರಲೇ ಇಲ್ಲವೆಂದು ಹೆತ್ತ ತಾಯಿಯೇ ಪ್ರಮಾಣ ಮಾಡಿ ಹೇಳಿದಳು. ಅದೇ ವರ್ಷ ವಿಲಿಯಂ ಸ್ಟೋನ್ ಎಂಬ ಪ್ರೊಟೆಸ್ಟಂಟ್ ಪತ್ರಿಕಾ ಸಂಪಾದಕನು ಪುಸ್ತಕವನ್ನು ಕೈಯಲ್ಲಿ ಹಿಡಿದು ಮಠವನ್ನು ಮಾಳಿಗೆಯಿಂದ ನೆಲಮಾಳಿಗೆಯವರೆಗೆ ನೋಡಿದನು. ವರ್ಣನೆಗೂ ಕಟ್ಟಡಕ್ಕೂ ಹೊಂದಿಕೆಯೇ ಇರಲಿಲ್ಲ. ಕಂಡುದನ್ನು ಕಂಡಂತೆಯೇ ಪ್ರಕಟಿಸಿದನು. ಆದರೂ ಪುಸ್ತಕದ ಮಾರಾಟ ನಿಲ್ಲಲಿಲ್ಲ. ಅದರ ಲಾಭಕ್ಕಾಗಿ ಆಕೆಯನ್ನು ಮುಂದಿಟ್ಟುಕೊಂಡವರು ನ್ಯಾಯಾಲಯದಲ್ಲಿ ಕಾದಾಡಿದರು. ಆಕೆಯಾದರೋ 1849ರಲ್ಲಿ ಬಡತನದಲ್ಲಿ ಸತ್ತಳು.

ನಂಬಿದವರು ಏಕೆ ನಂಬಿದರು? ನಂಬಲು ಮೊದಲೇ ಸಿದ್ಧರಾಗಿದ್ದುದರಿಂದ. ಎರಡು ವರ್ಷ ಹಿಂದೆ, 1834ರ ಆಗಸ್ಟ್ 11ರ ರಾತ್ರಿ, ಬಾಸ್ಟನ್ನಿನ ಸಮೀಪದ ಚಾರ್ಲ್ಸ್‌ಟೌನಿನಲ್ಲಿ ಉರ್ಸುಲಾ ಸಭೆಯ ಕನ್ಯಾಮಠವನ್ನು ಜನಜಂಗುಳಿಯು ಸುಟ್ಟುಹಾಕಿತ್ತು. ಒಬ್ಬ ಸನ್ಯಾಸಿನಿಯನ್ನು ಒಳಗೆ ಕೂಡಿಹಾಕಿದ್ದಾರೆಂಬ ಗಾಳಿಮಾತೇ ಅದಕ್ಕೆ ಕಿಚ್ಚಾಯಿತು. ಅದು ಹೆಣ್ಣುಮಕ್ಕಳ ಶಾಲೆಯೂ ಆಗಿತ್ತು. ಅಲ್ಲಿ ಕಲಿಯುತ್ತಿದ್ದವರಲ್ಲಿ ಹೆಚ್ಚಿನವರು ಪ್ರೊಟೆಸ್ಟಂಟ್ ಮನೆಗಳ ಮಕ್ಕಳು. ಆ ಹುಡುಗಿಯರು ಕತ್ತಲಲ್ಲಿ ಓಡಿ ಪ್ರಾಣ ಉಳಿಸಿಕೊಂಡರು. ಮುಖ್ಯೋಪಾಧ್ಯಾಯಿನಿಯಾದ ನಾನು ಆ ರಾತ್ರಿಯನ್ನು ನೆನೆದಾಗಲೆಲ್ಲ ನಮ್ಮ ವಿದ್ಯಾರ್ಥಿನಿನಿಲಯದ ಮಕ್ಕಳೇ ಕಣ್ಣಮುಂದೆ ಬರುತ್ತಾರೆ.

ನೊಂದ ಹೆಂಗಸಿನ ಮಾತಿಗೆ ಕಿವಿಗೊಡಬಾರದೆಂದು ನಾನು ಹೇಳುವುದಿಲ್ಲ. ಮಠದಲ್ಲಾಗಲಿ, ಮಿಷನ್ ಶಾಲೆಯಲ್ಲಾಗಲಿ, ಮನೆಯಲ್ಲಾಗಲಿ ಅನ್ಯಾಯ ನಡೆದೀತು. ಅದನ್ನು ಮುಚ್ಚಿಡುವುದೂ ಪಾಪವೇ. ಆದುದರಿಂದಲೇ ವಿಚಾರಣೆ ಬೇಕು. ವಿಚಾರಿಸದೆ ತಳ್ಳುವುದೂ ವಿಚಾರಿಸದೆ ನಂಬುವುದೂ ಒಂದೇ ಸೋಮಾರಿತನದ ಎರಡು ಮುಖಗಳು.

ಸುಳ್ಳುಸಾಕ್ಷಿಯನ್ನು ನಿಷೇಧಿಸುವ ಆಜ್ಞೆಯನ್ನು ನಾವು ಬಾಲ್ಯದಲ್ಲೇ ಬಾಯಿಪಾಠ ಮಾಡಿದೆವು. ಅದು ಹೇಳುವವನಿಗೆ ಮಾತ್ರವಲ್ಲ, ಕೇಳಿ ಹರಡುವವರಿಗೂ ಅನ್ವಯಿಸುತ್ತದೆಂದು ನನ್ನ ಅಭಿಪ್ರಾಯ. ನಮ್ಮ ಶಾಲೆಯ ಒಂದೇ ಬೆಂಚಿನಲ್ಲಿ ಪ್ರೊಟೆಸ್ಟಂಟ್, ಕಥೋಲಿಕ, ಹಿಂದೂ, ಮುಸಲ್ಮಾನ ಮಕ್ಕಳು ಕುಳಿತು ಓದುತ್ತಾರೆ. ಪರರ ಮತದ ವಿಷಯವಾಗಿ ಕೆಟ್ಟ ಸುದ್ದಿ ಬಂದಾಗ, "ಇದನ್ನೇ ನಮ್ಮವರ ಮೇಲೆ ಹೇಳಿದ್ದರೆ ಇಷ್ಟು ಬೇಗ ನಂಬುತ್ತಿದ್ದೆನೇ?" ಎಂದು ಒಮ್ಮೆ ಕೇಳಿಕೊಳ್ಳಿರಿ. ನಿಮ್ಮ ಮಕ್ಕಳಿಗೂ ಅದನ್ನೇ ಕಲಿಸಿರಿ. ಇಷ್ಟಾದರೆ ಈ ಶಾಲೆಯಲ್ಲಿ ನೀವು ಕಲಿತ ಓದು ಸಾರ್ಥಕವಾಯಿತು.