ಬೆಳಕಿನಿಂದ ದ್ರವ್ಯ: ಇದು ಶೂನ್ಯದಿಂದಾದ ಸೃಷ್ಟಿಯೇ?

ಬೆಳಕಿನಿಂದ ದ್ರವ್ಯವನ್ನು ಉಂಟುಮಾಡಿದರೆಂದು ತಿಳಿದೊಡನೆ ನಮ್ಮ ವಿದ್ಯಾರ್ಥಿನಿಯರು, “ಹಾಗಾದರೆ ಮನುಷ್ಯನು ಶೂನ್ಯದಿಂದ ಸೃಷ್ಟಿಸಿದನೇ?” ಎಂದು ಕೇಳುವುದುಂಟು. ಪ್ರಶ್ನೆಯು ಯೋಗ್ಯವಾದದ್ದೇ. ಆದರೆ ಅದಕ್ಕೆ ಸೋಜಿಗದ ಮಾತನ್ನು ಉತ್ತರವಾಗಿ ಕೊಡುವುದು ಉಪಾಧ್ಯಾಯಿನಿಯರಾದ ನಮಗೆ ಸಲ್ಲದು. ಲೆಕ್ಕವನ್ನು ಸರಿಯಾಗಿ ಒಪ್ಪಿಸಬೇಕೆಂಬುದೇ ನಮ್ಮ ಅಭಿಪ್ರಾಯ.

ಶಕ್ತಿಯೂ ದ್ರವ್ಯರಾಶಿಯೂ ಒಂದೇ ವಸ್ತುವಿನ ಎರಡು ರೂಪಗಳೆಂದು ಐನ್‌ಸ್ಟೈನರು 1905ರಲ್ಲಿ ತೋರಿಸಿಕೊಟ್ಟರು. 1932ರಲ್ಲಿ ಕಾರ್ಲ್ ಆಂಡರ್ಸನ್ನರು ಪಾಸಿಟ್ರಾನನ್ನು ಕಂಡುಹಿಡಿದರು. ಇದು ಎಲೆಕ್ಟ್ರಾನಿನಷ್ಟೇ ತೂಕವುಳ್ಳದ್ದು, ವಿದ್ಯುತ್ತಿನಲ್ಲಿ ಮಾತ್ರ ಅದಕ್ಕೆ ವಿರುದ್ಧವಾದದ್ದು, ಇಂಥದನ್ನೇ ಪ್ರತಿದ್ರವ್ಯವೆನ್ನುವರು. ಬೆಳಕಿನ ಎರಡು ಕಣಗಳು ಒಂದನ್ನೊಂದು ತಾಕಿದರೆ ಎಲೆಕ್ಟ್ರಾನ್–ಪಾಸಿಟ್ರಾನ್ ಜೋಡಿಯು ಹುಟ್ಟಬಲ್ಲದೆಂದು 1934ರಲ್ಲಿ ಬ್ರೈಟ್ ಮತ್ತು ವ್ಹೀಲರ್ ಎಂಬ ವಿದ್ವಾಂಸರು ಗಣಿಸಿದರು.

ಈ ವ್ಯವಹಾರದಲ್ಲಿ ಯಾವುದೂ ಪುಕ್ಕಟೆಯಲ್ಲ. ಸಮಶಕ್ತಿಯ ಎರಡು ಕಣಗಳು ಎದುರುಬದುರಾಗಿ ತಾಕುವಾಗ ಒಂದೊಂದರಲ್ಲಿಯೂ ಕನಿಷ್ಠ 5.11 ಲಕ್ಷ ಎಲೆಕ್ಟ್ರಾನ್-ವೋಲ್ಟ್ ಶಕ್ತಿಯಿರಬೇಕು. ಕಣ್ಣಿಗೆ ಕಾಣುವ ಬೆಳಕಿನ ಕಣದಲ್ಲಿ ಇರುವುದು ಎರಡು ಮೂರು ಮಾತ್ರ. ಆದಕಾರಣ ನಮ್ಮ ದೀಪಗಳಿಂದ ದ್ರವ್ಯವು ಉದುರುವುದಿಲ್ಲ. ಬೆಳಕಿಗೆ ವಿದ್ಯುದಂಶವಿಲ್ಲದ ಕಾರಣ, ಋಣವೊಂದು ಹುಟ್ಟಿದರೆ ಅದರೊಡನೆ ಧನವೊಂದೂ ಹುಟ್ಟಲೇಬೇಕು. ಜಮೆಯೂ ಖರ್ಚೂ ಸರಿಹೋಗುವ ಇಂಥ ಕಾರ್ಯಕ್ಕೆ ರೂಪಾಂತರವೆಂಬುದೇ ತಕ್ಕ ಹೆಸರು.

1997ರಲ್ಲಿ ಸ್ಟ್ಯಾನ್‌ಫರ್ಡಿನ ಪ್ರಯೋಗದಲ್ಲಿ ಲೇಸರ್ ಬೆಳಕಿನ ಹಲವು ಕಣಗಳು ಕೂಡಿ, ಪ್ರಬಲವಾದ ಮತ್ತೊಂದು ಕಣವನ್ನು ತಾಕಿದುದರಿಂದ ಸುಮಾರು ನೂರು ಪಾಸಿಟ್ರಾನುಗಳು ದೊರೆತವು. ಬಳಿಕ ಅಮೆರಿಕದ ಬ್ರೂಕ್‌ಹೇವನ್ನಿನಲ್ಲಿ ಚಿನ್ನದ ಪರಮಾಣುಬೀಜಗಳನ್ನು ಬೆಳಕಿನ ವೇಗಕ್ಕೆ ಸಮೀಪವಾದ ವೇಗದಲ್ಲಿ ಒಂದರ ಮಗ್ಗುಲಲ್ಲಿ ಒಂದು ಹಾಯುವಂತೆ ಓಡಿಸಿದರು. ಅವುಗಳನ್ನು ಸುತ್ತಿದ ಬೆಳಕು ಬೆಳಕನ್ನು ತಾಕಿ 6,000ಕ್ಕೂ ಹೆಚ್ಚು ಜೋಡಿಗಳು ಹುಟ್ಟಿದುವೆಂದು 2021ರಲ್ಲಿ ಪ್ರಕಟಿಸಿದರು. ಆ ಬೆಳಕನ್ನು ದೀಪದ ಬೆಳಕಿನಂತೆ ನಿಜವಾದ ಬೆಳಕೆನ್ನಬಹುದೇ ಎಂಬ ಚರ್ಚೆಯೂ ಉಂಟು. ಜೋಡಿಗಳು ಹೊರಟ ದಿಕ್ಕುಗಳನ್ನು ಅಳೆದು, ಅದು ನಿಜ ಬೆಳಕಿನಂತೆಯೇ ವರ್ತಿಸಿತೆಂದು ಪ್ರಯೋಗ ಮಾಡಿದವರು ವಾದಿಸುತ್ತಾರೆ. ಈ ಚರ್ಚೆಯನ್ನೂ ಮಕ್ಕಳಿಂದ ಮರೆಮಾಡಲಾಗದು.

ಹೆಣ್ಣುಮಕ್ಕಳಿಗೆ ಇಷ್ಟು ಸೂಕ್ಷ್ಮವೇತಕ್ಕೆಂದು ಕೇಳುವವರು ಇದನ್ನು ಆಲೋಚಿಸಲಿ: 1933ರಲ್ಲಿಯೇ, ಗಾಮಾ ಕಿರಣವೊಂದು ಪರಮಾಣುಬೀಜದ ಬಳಿ ಹಾಯುವಾಗ ಇಂಥ ಜೋಡಿಯು ಹುಟ್ಟುವುದನ್ನು ಪತಿಯೊಡನೆ ಪರೀಕ್ಷಿಸಿದವರಲ್ಲಿ ಐರೀನ್ ಜೋಲಿಯೋ-ಕ್ಯೂರಿಯವರೂ ಒಬ್ಬರು. ಮನೆಯ ಲೆಕ್ಕದಲ್ಲಿ ಒಂದು ಕಾಸು ತಪ್ಪಿದರೂ ಕಂಡುಹಿಡಿಯುವ ಹುಡುಗಿಗೆ ಜಗತ್ತಿನ ಲೆಕ್ಕವನ್ನೂ ಪರೀಕ್ಷಿಸುವ ಅಧಿಕಾರವುಂಟು. ಅವಳಿಗೆ ನಾವು ಬೆರಗನ್ನು ಮಾತ್ರ ಕೊಟ್ಟು ಕಳುಹಿಸಿದರೆ ಸಾಲದು. ಪ್ರಮಾಣವನ್ನು ಕೇಳುವ ಅಭ್ಯಾಸವನ್ನೂ ಕೊಡತಕ್ಕದ್ದು.